ಕೂಸಿನ ಮೈಗೆ ಕ್ರೀಮು: ಇಳಕಲ್ಲಿನ ತಂಗಿಗೆ ಬರೆದ ಪತ್ರ

ನವನಗರ, ಬಾಗಲಕೋಟೆ

ಪ್ರೀತಿಯ ತಂಗಿಗೆ,

ನಿನ್ನ ಪತ್ರವೂ ಜೊತೆಗಿಟ್ಟ ಫೋಟೊಗಳೂ ಸೇರಿದವು. ಕೂಸಿಗೆ ಒಂದೂವರೆ ವರ್ಷ ತುಂಬಿತಲ್ಲ, ಸಂತೋಷ. ಗಲ್ಲ ಒರಟಾಗಿದೆ, ಮೊಣಕೈ ಮಡಿಕೆಯಲ್ಲೂ ಮೊಣಕಾಲ ಹಿಂದೆಯೂ ಚರ್ಮ ದಪ್ಪಗಾಗಿ ಕಪ್ಪಿಡುತ್ತಿದೆ, ರಾತ್ರಿ ಕೆರೆದುಕೊಂಡು ಏಳುತ್ತದೆ ಅಂತ ಬರೆದಿದ್ದೀಯ. ಡಾಕ್ಟರು ನೋಡಿ, ಇದು ಎಕ್ಜಿಮಾ, ಜೋರಿನದಲ್ಲ, ಮಾಯಿಶ್ಚರೈಸರ್ ಹಚ್ಚುತ್ತಾ ಇರಿ ಅಂದರಂತೆ. ಅದರ ಕೆಳಗೆ ನೀನು ಬರೆದ ಸಾಲು ಓದಿ ನಗು ಬಂತು: "ಅಕ್ಕಾ, ಅಷ್ಟು ದೂರ ಹೋಗಿ ಬಂದದ್ದಕ್ಕ ಒಂದು ಕ್ರೀಮ್ ಬರದು ಕೊಟ್ಟಾರ. ಔಷಧ ಏನೂ ಕೊಟ್ಟಿಲ್ಲ."

ಆ ಕ್ರೀಮೇ ಔಷಧ ಕಣವ್ವಾ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಇಷ್ಟು ವರ್ಷ ಕಳೆದವಳಿಗೆ ತಾಯಂದಿರ ಮುಖದ ಈ ನಿರಾಸೆ ಗೊತ್ತು. ಸೂಜಿ ಇಲ್ಲ, ಗುಳಿಗೆ ಇಲ್ಲ, ಬರೀ ಮೈಗೆ ಹಚ್ಚುವ ಕ್ರೀಮು ಅಂದರೆ ಡಾಕ್ಟರು ಸರಿಯಾಗಿ ನೋಡಲಿಲ್ಲ ಅನ್ನಿಸುತ್ತದೆ. ಆದರೆ ಈ ಕಾಯಿಲೆಯಲ್ಲಿ ಕೆಟ್ಟಿರುವುದು ಚರ್ಮದ ಹೊರಪದರ. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಧೂಳು, ಸೋಪು, ರೋಗಾಣು ಒಳಗೆ ಬಾರದಂತೆ ತಡೆಯುವುದು ಅದರ ಕೆಲಸ. ಕೆಲವು ಮಕ್ಕಳಲ್ಲಿ ಆ ಪದರ ಹುಟ್ಟಿನಿಂದಲೇ ತೆಳು. ಫಿಲಾಗ್ರಿನ್ ಎಂಬ ಪ್ರೋಟೀನು ಕಡಿಮೆಯಾದರೆ ಹೀಗಾಗುತ್ತದೆ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು ಕಂಡುಹಿಡಿದರು. ಅದು ಕಾರಣಗಳಲ್ಲಿ ಒಂದು, ಅದೊಂದೇ ಅಲ್ಲ. ಆದ್ದರಿಂದ ಬಸಿರಿನಲ್ಲಿ ನೀನು ಏನು ತಿಂದೆ, ಯಾವ ಗ್ರಹಣ ನೋಡಿದೆ ಎಂಬ ಲೆಕ್ಕ ಇವತ್ತಿಗೇ ಬಿಟ್ಟುಬಿಡು.

ನಮ್ಮ ಕಡೆಯ ಮಾಳಿಗೆ ಮನೆ ನಿನಗೆ ಗೊತ್ತಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹಾಕಿ ಬಡಿದವರ ಮನೆ ಸೋರುವುದಿಲ್ಲ. ಸೋರಿದ ಮೇಲೆ ಹತ್ತಿ ಮಣ್ಣು ಹಾಕುವವರು ಪಾತ್ರೆ ಇಟ್ಟುಕೊಂಡೇ ಕೂರಬೇಕು. ಕ್ರೀಮಿನದೂ ಅದೇ ಕತೆ. ತುರಿಕೆ ಎದ್ದಾಗ ಹಚ್ಚಿ, ಚರ್ಮ ನುಣುಪಾದ ಕೂಡಲೇ ಬಿಟ್ಟರೆ ಹದಿನೈದು ದಿನಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ. ಚರ್ಮ ಚೆನ್ನಾಗಿರುವ ದಿನವೂ ಹಚ್ಚಬೇಕು.

ಇನ್ನು ನೀನು ಕೇಳಿದ ಪ್ರಶ್ನೆ, "ಯಾವ ಕಂಪನಿಯದು ಒಳ್ಳೇದು?" ನಾನು ಅದನ್ನು ತಿರುಗಿಸಿ ಕೇಳುತ್ತೇನೆ: ಎಷ್ಟು ಹಚ್ಚುತ್ತೀ? ಫೋಟೊದಲ್ಲಿ ಕಿಟಕಿ ಕಟ್ಟೆಯ ಮೇಲೆ ಒಂದು ಟ್ಯೂಬು ಕಾಣುತ್ತದೆ, ಬೆರಳುದ್ದದ್ದು. ಅದು ತಿಂಗಳಿಂದ ನಡೆಯುತ್ತಿದೆ ಎಂದು ನೀನೇ ಬರೆದಿದ್ದೀಯ. ಬ್ರಿಟನ್ನಿನ ಸರಕಾರಿ ಮಾರ್ಗಸೂಚಿ 2007ರಿಂದಲೂ ಹೇಳುತ್ತಿರುವ ಅಳತೆ ಕೇಳಿದರೆ ಗಾಬರಿಯಾಗುತ್ತೀ: ಎಕ್ಜಿಮಾ ಇರುವ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ. ಕಡಿಮೆ ಅಳತೆಯನ್ನೇ ಹಿಡಿದರೂ ದಿನಕ್ಕೆ 35 ಗ್ರಾಂ ಆಯಿತು. 50 ಗ್ರಾಮಿನ ಟ್ಯೂಬು ಒಂದೂವರೆ ದಿನಕ್ಕೆ ಖಾಲಿ. ನಿನ್ನ ಕೂಸು ಸಣ್ಣದು, ಬಾಧೆಯೂ ಸಣ್ಣದು, ಅಷ್ಟೆಲ್ಲಾ ಬೇಕಾಗಲಿಕ್ಕಿಲ್ಲ. ಆದರೂ ತಿಂಗಳಿಗೊಂದು ಟ್ಯೂಬು ಅಂದರೆ ಹಚ್ಚಿದ ಶಾಸ್ತ್ರವಷ್ಟೇ.

ಅದಕ್ಕೇ ನಾನು ದುಬಾರಿ ಕ್ರೀಮಿನ ವಿರುದ್ಧ. ಬೆಲೆ ಹೆಚ್ಚಾದರೆ ಕೈ ತಾನಾಗಿಯೇ ಬಿಗಿಯಾಗುತ್ತದೆ, ಬಟಾಣಿ ಕಾಳಿನಷ್ಟು ತೆಗೆದು ಇಡೀ ಕಾಲಿಗೆ ಎಳೆಯುತ್ತೇವೆ. ಇಂಗ್ಲೆಂಡಿನಲ್ಲಿ ಆರು ತಿಂಗಳಿಂದ ಹನ್ನೆರಡು ವರ್ಷದವರೆಗಿನ 550 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಲೋಷನ್, ಕ್ರೀಮು, ಜೆಲ್, ಮುಲಾಮು ಕೊಟ್ಟು ಹದಿನಾರು ವಾರ ನೋಡಿದರು. 2022ರಲ್ಲಿ ಫಲಿತಾಂಶ ಬಂತು: ನಾಲ್ಕರಲ್ಲಿ ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಮನೆಯವರು ಬೇಸರವಿಲ್ಲದೆ ದಿನಾ ಹಚ್ಚುವುದು ಯಾವುದೋ ಅದನ್ನೇ ಇಟ್ಟುಕೊಳ್ಳಬಹುದು. ಸೆರಮೈಡ್, ಬಾದಾಮಿ ಎಣ್ಣೆ, ಓಟ್ಸ್ ಅಂತ ಡಬ್ಬಿಯ ಮೇಲೆ ಬರೆದದ್ದಕ್ಕೆಲ್ಲ ಮರುಳಾಗಬೇಡ. ಬಿಳಿ ಪ್ಯಾರಾಫಿನ್, ಲಿಕ್ವಿಡ್ ಪ್ಯಾರಾಫಿನ್, ಗ್ಲಿಸರಿನ್ ಇರುವ, ವಾಸನೆ ಹಾಕದ ಸಾದಾ ದೊಡ್ಡ ಡಬ್ಬಿ ಸಾಕು. ವಾಸನೆಯ ಬೇಬಿ ಕ್ರೀಮು ಬೇಡ. ಯೂರಿಯಾ ಇರುವಂಥದ್ದು ಎಳೆ ಚರ್ಮಕ್ಕೆ ಉರಿ ಹತ್ತಿಸುತ್ತದೆ, ಡಾಕ್ಟರು ಹೇಳದೆ ತರಬೇಡ.

ನಮ್ಮ ಜಿಲ್ಲೆಯ ಹವೆಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ. ದೀಪಾವಳಿ ಕಳೆದು ಬಾದಾಮಿಯ ಬನಶಂಕರಿ ಜಾತ್ರೆ ಮುಗಿಯುವವರೆಗೆ ಗಾಳಿ ಒಣಗಿ, ದೊಡ್ಡವರ ತುಟಿ ಹಿಮ್ಮಡಿಯೇ ಬಿರಿಯುತ್ತವೆ. ಆ ದಿನಗಳಿಗೆ ವ್ಯಾಸಲೀನ್‌ನಂಥ ಗಟ್ಟಿ ಮುಲಾಮು ಚೆನ್ನ. ಅದರಲ್ಲಿ ನೀರಿನಂಶ ಇಲ್ಲ, ತೇವ ಹಿಡಿದಿಡುತ್ತದೆ, ಉರಿಯೂ ಕಡಿಮೆ. ಅದನ್ನೇ ಏಪ್ರಿಲ್ ತಿಂಗಳಲ್ಲಿ, ಇಳಕಲ್ಲಿನ ಬಂಡೆ ಕಾದು ಉರಿಯುವ ಹೊತ್ತಿಗೆ ಬಳಿದೆಯೋ, ಬೆವರು ಹೊರಗೆ ಬರಲು ದಾರಿಯಿಲ್ಲದೆ ಕೂಸಿನ ಬೆನ್ನೆಲ್ಲ ಬೆವರುಸಾಲೆ. ಬೇಸಿಗೆಗೆ ತೆಳು ಕ್ರೀಮು ಅಥವಾ ಲೋಷನ್ ಮಾಡು.

ಹಚ್ಚುವ ರೀತಿ ಹೇಳುತ್ತೇನೆ, ಇದನ್ನು ಅತ್ತೆಯವರಿಗೂ ಓದಿ ಹೇಳು. ಕೂಸಿಗೆ ಎರೆದ ಮೇಲೆ ಟವೆಲ್ಲಿನಿಂದ ತಿಕ್ಕಬೇಡ, ಒತ್ತಿ ಒತ್ತಿ ನೀರು ತೆಗೆ. ಮೈ ಇನ್ನೂ ಹಸಿ ಹಸಿ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಕ್ರೀಮು ಬೀಳಬೇಕು. ಡಬ್ಬಿಗೆ ಬೆರಳು ಹಾಕಬೇಡ, ತೊಳೆದು ಒಣಗಿಸಿದ ಚಮಚದಿಂದ ತೆಗೆ; ಬೆರಳು ಹಾಕಿದರೆ ಉಗುರಿನ ಕೊಳೆ ಡಬ್ಬಿಗೆ ಸೇರಿ ಅಲ್ಲೇ ರೋಗಾಣು ಬೆಳೆಯುತ್ತವೆ. ತೋಳಿನ ಮೇಲೆ ಅಲ್ಲಲ್ಲಿ ಬೊಟ್ಟಿಟ್ಟಂತೆ ಇಟ್ಟು, ಕೂದಲು ಬೆಳೆದ ದಿಕ್ಕಿಗೆ, ಮೇಲಿಂದ ಕೆಳಕ್ಕೆ ಸವರು. ಗಸಗಸ ತಿಕ್ಕಿದರೆ ಕೂದಲಿನ ಬುಡಕ್ಕೆ ಹೋಗಿ ಗುಳ್ಳೆ ಏಳುತ್ತದೆ. ಪೂರಾ ಇಂಗುವವರೆಗೆ ಉಜ್ಜುತ್ತಾ ಕೂರಬೇಕಿಲ್ಲ. ಹಚ್ಚಿ ಮುಗಿಸಿದಾಗ ಮೈ ಸ್ವಲ್ಪ ಮಿಂಚಬೇಕು, ಉಳಿದದ್ದನ್ನು ಚರ್ಮವೇ ಹೀರಿಕೊಳ್ಳುತ್ತದೆ. ಎರೆದ ಮೇಲೆ ಒಮ್ಮೆ, ಮಲಗಿಸುವಾಗ ಒಮ್ಮೆ ತಪ್ಪಿಸಬೇಡ. ನಡುವೆ ಕೆರೆಯಲು ಶುರು ಮಾಡಿದರೆ "ಕೆರೀಬ್ಯಾಡ" ಅಂತ ಗದರುವ ಬದಲು ಕ್ರೀಮು ಹಚ್ಚು. ಉಗುರು ಕತ್ತರಿಸಿಡು.

ಎರೆಯುವ ವಿಷಯಕ್ಕೆ ಬಂದರೆ ನನಗೂ ನಮ್ಮ ಹಿರಿಯರಿಗೂ ಸ್ವಲ್ಪ ಜಗಳ ಇದೆ. ಹೊಗೆಯಾಡುವ ಬಿಸಿ ನೀರು, ಕಡಲೆ ಹಿಟ್ಟಿನಿಂದ ಎಣ್ಣೆ ಹೋಗುವಂತೆ ತಿಕ್ಕುವುದು, ಕೊನೆಗೆ ಲೋಬಾನದ ಹೊಗೆ. ಗಟ್ಟಿ ಚರ್ಮದ ಕೂಸುಗಳು ಇದನ್ನೆಲ್ಲ ತಡೆದುಕೊಂಡು ಹಾಯಾಗಿ ನಿದ್ದೆ ಮಾಡುತ್ತವೆ. ನಿನ್ನ ಕೂಸಿನ ಚರ್ಮ ತಡೆಯುವುದಿಲ್ಲ. ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಸೋಪು ಬೇಕೇ ಬೇಕಾದ ಜಾಗಕ್ಕೆ ಮಾತ್ರ, ಅದೂ ಕಡಿಮೆ ನೊರೆಯ ಮೆದು ಸೋಪು. ಹಿಟ್ಟು ಬೇಡ, ಹೊಗೆ ಬೇಡ. ಸ್ನಾನದ ನೀರಿಗೆ ಬೆರೆಸುವ ದ್ರವಗಳನ್ನು ಅಂಗಡಿಯವರು ತೋರಿಸಿದರೆ ಆ ದುಡ್ಡು ಉಳಿಸಿಕೋ. 2018ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 480 ಮಕ್ಕಳ ಮೇಲೆ ಪರೀಕ್ಷಿಸಿದಾಗ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ.

"ಬಾದಾಮಿಗೆ ತವರುಮನಿಗೆ ಹೋದಾಗ ಕಡಿಮಿ ಆಗಿತ್ತು, ಇಳಕಲ್ಲಿಗೆ ಬಂದಕೂಡ್ಲೆ ಜಾಸ್ತಿ ಆತು. ಇಲ್ಲಿ ಬೋರಿನ ನೀರು ಸವಳು, ಅದರಿಂದೇನು?" ಅಂತ ಕೇಳಿದ್ದೀ. ಗಡಸು ನೀರು ಇರುವ ಊರುಗಳಲ್ಲಿ ಎಕ್ಜಿಮಾ ಹೆಚ್ಚು ಕಂಡದ್ದು ನಿಜ. ಹಾಗಂತ ನೀರನ್ನು ಮೆದು ಮಾಡುವ ಯಂತ್ರ ಕೊಳ್ಳಲು ಹೊರಡಬೇಡ. ಇಂಗ್ಲೆಂಡಿನಲ್ಲಿ 336 ಮಕ್ಕಳ ಮನೆಗಳನ್ನು ಆರಿಸಿ, ಅರ್ಧದಷ್ಟು ಮನೆಗಳಿಗೆ ಅಂಥ ಯಂತ್ರ ಕೂರಿಸಿ ನೋಡಿದರು. ಮಾಮೂಲಿ ಉಪಚಾರಕ್ಕಿಂತ ಹೆಚ್ಚಿನ ಲಾಭ ಏನೂ ಆಗಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಸವಳು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲವೆಂದು ನಾವು ಮತ್ತೆ ಮತ್ತೆ ಸೋಪು ತಿಕ್ಕುತ್ತೇವಲ್ಲ, ಆ ಜಿಡ್ಡು ಚರ್ಮದ ಮೇಲೆ ಉಳಿಯುತ್ತದೆ; ನಿನ್ನ ಕೈಲಿರುವುದು ಅದನ್ನು ಕಡಿಮೆ ಮಾಡುವುದು. ಕೂಸಿನ ಬಟ್ಟೆಯನ್ನೂ ಪುಡಿಯ ಅಂಶ ಹೋಗುವಂತೆ ಇನ್ನೊಂದು ಸಲ ಜಾಲಿಸು. ಬಾದಾಮಿಯಲ್ಲಿ ಕಡಿಮೆಯಾದದ್ದಕ್ಕೆ ಬೇರೆ ಕಾರಣವೂ ಇರಬಹುದು. ನಿನ್ನ ಮನೆಯಲ್ಲಿ ಮಗ್ಗ ಇದೆ, ಹತ್ತಿಯ ಎಳೆ ಹಾರುತ್ತದೆ, ಹತ್ತಿರದಲ್ಲೇ ಕಲ್ಲು ಕೊಯ್ಯುತ್ತಾರೆ. ಹೋದ ಸಲ ಹುನಗುಂದದ ಹೊಲಕ್ಕೆ ಜೋಳದ ರಾಶಿ ದಿನ ಕೂಸನ್ನು ಎತ್ತಿಕೊಂಡು ಹೋಗಿದ್ದೆಯಂತೆ. ಆ ಧೂಳು ದೊಡ್ಡವರ ಮೈಯನ್ನೇ ಕಡಿಸುತ್ತದೆ. ಮಗ್ಗದ ಕೋಣೆಯಲ್ಲಿ ತೊಟ್ಟಿಲು ಕಟ್ಟಬೇಡ, ಅಷ್ಟು ಮಾಡು.

ಮಗ್ಗದ ಮಾತು ಬಂತಲ್ಲ, ನೇಕಾರರ ಮನೆಯ ಸೊಸೆಗೆ ಬಟ್ಟೆಯ ಬಗ್ಗೆ ನಾನು ಹೇಳಬೇಕೇ? ಆದರೂ ಹೇಳುತ್ತೇನೆ. ಇಳಕಲ್ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಅಜ್ಜಿಯ ಕಾಲದ ಸೀರೆಯಾದರೆ ಒಡಲು ಅಪ್ಪಟ ಹತ್ತಿ, ಒಗೆದು ಒಗೆದು ಬೆಣ್ಣೆಯಾಗಿರುತ್ತದೆ. ಕೂಸಿಗೆ ಹಾಸಲು, ಹೊದಿಸಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಸೆರಗು ಕತ್ತರಿಸಿ ಬೇರೆ ಇಡು, ಅದರ ರೇಷ್ಮೆ ನೂಲು ಒರಟು. ಈಗಿನ ಕೃತಕ ರೇಷ್ಮೆಯ ಒಡಲೂ ಬೇಡ. ಕೌದಿ ಹೊಲಿಸುವುದಿದ್ದರೆ ಮೈಗೆ ತಾಗುವ ಮಗ್ಗುಲಿಗೆ ಹಳೆ ಹತ್ತಿಯೇ ಬರಲಿ. ಕಂಬಳಿಯನ್ನು ನೇರ ಮೈಗೆ ತಾಗಿಸಬೇಡ.

ಇದರ ಜೊತೆಗೇ ಒಂದು ಎಚ್ಚರಿಕೆ. ಇಂಥ ಕ್ರೀಮು ಮುಲಾಮು ದಿನಾ ಮೆತ್ತಿ ಮೆತ್ತಿ ಬಟ್ಟೆಯಲ್ಲಿ ಒಣಗಿ ಕೂತಿರುತ್ತವೆ. ಒಗೆದರೂ ಪೂರಾ ಹೋಗುವುದಿಲ್ಲ. ಅಂಥ ಬಟ್ಟೆಗೆ ಕಿಡಿ ತಾಗಿದರೆ ಸಾದಾ ಬಟ್ಟೆಗಿಂತ ಬೇಗ ಹತ್ತಿ ಉರಿಯುತ್ತದೆ. ಪ್ಯಾರಾಫಿನ್ ಇಲ್ಲದ ಕ್ರೀಮಿಗೂ ಈ ಮಾತು ಅನ್ವಯಿಸುತ್ತದೆ ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ನೀರೊಲೆಯ ಮುಂದೆ, ರೊಟ್ಟಿ ಬಡಿಯುವ ಒಲೆಯ ಪಕ್ಕ, ದೇವರ ದೀಪದ ಹತ್ತಿರ ಕೂಸನ್ನು ಬಿಡಬೇಡ. ಕ್ರೀಮು ಮೆತ್ತಿದ ನಿನ್ನ ಸೆರಗಿಗೂ ಇದೇ ಮಾತು.

ಈಗ ಎಣ್ಣೆಯ ಪಂಚಾಯಿತಿ. ಅತ್ತೆಯವರು "ನಾವು ಮಕ್ಕಳನ್ನ ಹಡದಿಲ್ಲೇನು, ಶೇಂಗಾ ಎಣ್ಣಿ ತಿಕ್ಕಿದ್ರ ಎಲ್ಲಾ ಹೋಗತೈತಿ" ಅನ್ನುತ್ತಾರಂತೆ. ಅವರ ಮಾತನ್ನು ತಳ್ಳಿಹಾಕಬೇಡ. ಎಣ್ಣೆ ತಿಕ್ಕುವ ಕೈಯಲ್ಲಿ ಅರ್ಧ ಔಷಧ ಇದೆ, ಕೂಸು ಆ ಕೈಗೆ ಸುಮ್ಮನಾಗುತ್ತದೆ. ಆದರೆ ಎಲ್ಲಾ ಎಣ್ಣೆ ಒಂದೇ ಅಲ್ಲ. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಸಿ ತೆಂಗಿನಕಾಯಿಯಿಂದ ತೆಗೆದ ಕೊಬ್ಬರಿ ಎಣ್ಣೆ ಮಿನರಲ್ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿತು. ಆಲಿವ್ ಎಣ್ಣೆ ಚರ್ಮದ ಹೊರಪದರವನ್ನೇ ಕೆಡಿಸುತ್ತದೆ, ಸೂರ್ಯಕಾಂತಿ ಎಣ್ಣೆ ಕೆಡಿಸುವುದಿಲ್ಲ ಎಂದು 2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನವರು ತೋರಿಸಿದರು. ಪೇಟೆಯ ಗೆಳತಿಯರು ಆಲಿವ್ ಎಣ್ಣೆ ಉಡುಗೊರೆ ಕೊಟ್ಟರೆ ಒಗ್ಗರಣೆಗೆ ಬಳಸಿಕೋ. ಸಾಸಿವೆ ಎಣ್ಣೆಯೂ ಬೇಡ.

ಶೇಂಗಾ ಎಣ್ಣೆಯ ವಿಷಯ ಇನ್ನೂ ಸೂಕ್ಷ್ಮ. ಒಡೆದ ಚರ್ಮದ ಮೂಲಕ ಶೇಂಗಾ ಮೈಗೆ ಸೇರಿದರೆ ದೇಹ ಅದನ್ನು ಶತ್ರುವೆಂದು ತಿಳಿದು ಅಲರ್ಜಿ ಬೆಳೆಸಿಕೊಳ್ಳಬಹುದು. ಶೇಂಗಾ ಎಣ್ಣೆಯ ಕ್ರೀಮು ಹಚ್ಚಿಸಿಕೊಂಡ ಕೂಸುಗಳಲ್ಲಿ ಮುಂದೆ ಶೇಂಗಾ ಅಲರ್ಜಿ ಹೆಚ್ಚು ಕಂಡಿತೆಂದು 2003ರಲ್ಲಿ ಬ್ರಿಟನ್ನಿನ ಸಂಶೋಧಕರು ಬರೆದರು. ಅದೇ ಶೇಂಗಾ ಬಾಯಿಯ ಮೂಲಕ ಬೇಗ ಹೊಟ್ಟೆಗೆ ಹೋದರೆ ಆಗುವುದು ಇದರ ತದ್ವಿರುದ್ಧ. 2015ರಲ್ಲಿ ಲಂಡನ್ನಿನಿಂದ ಬಂದ ಅಧ್ಯಯನದಲ್ಲಿ, ನಾಲ್ಕರಿಂದ ಹನ್ನೊಂದು ತಿಂಗಳೊಳಗೆ ಶೇಂಗಾ ತಿನ್ನಲು ಶುರು ಮಾಡಿದ ಮಕ್ಕಳಲ್ಲಿ ಅಲರ್ಜಿ ಬಹಳ ಕಡಿಮೆಯಾಯಿತು. ನಮ್ಮ ಮನೆಗಳಲ್ಲಿ ನಡೆಯುವುದು ಉಲ್ಟಾ: ತುರಿಕೆ ಎಂದರೆ ಶೇಂಗಾ, ಬದನೆಕಾಯಿ, ತತ್ತಿ ಎಲ್ಲ ನಂಜು ಅಂತ ತಾಟಿನಿಂದ ತೆಗೆಯುತ್ತಾರೆ, ಮೈಗೆ ಮಾತ್ರ ಅದೇ ಗಾಣದ ಶೇಂಗಾ ಎಣ್ಣೆ! ಕೂಸು ಈಗಾಗಲೇ ತಿಂದು ಅರಗಿಸಿಕೊಂಡಿದ್ದರೆ ಶೇಂಗಾ ಹಿಂಡಿಯನ್ನು ಅನ್ನಕ್ಕೆ ಕಲಸಿ ಕೊಡುವುದನ್ನು ನಿಲ್ಲಿಸಬೇಡ. ಇಡೀ ಕಾಳು ಗಂಟಲಿಗೆ ಸಿಕ್ಕೀತು, ಪುಡಿಯೇ ಇರಲಿ. ಏನಾದರೂ ತಿಂದ ಸ್ವಲ್ಪ ಹೊತ್ತಿಗೇ ದದ್ದು ಎದ್ದರೆ, ತುಟಿ ಊದಿದರೆ, ವಾಂತಿಯಾದರೆ ಅದು ಬೇರೆ, ಡಾಕ್ಟರಿಗೆ ತೋರಿಸು. ಇಲ್ಲದಿದ್ದರೆ ಬೆಳೆಯುವ ಕೂಸಿನ ಊಟ ಕಡಿಯುವುದು ತಪ್ಪು.

ಅತ್ತೆಯವರ ಕೈಗೆ ಕೊಬ್ಬರಿ ಎಣ್ಣೆಯನ್ನೋ ಆ ಕ್ರೀಮಿನ ಡಬ್ಬಿಯನ್ನೋ ಕೊಟ್ಟು "ನೀವ ಹಚ್ಚರಿ, ನಿಮ್ಮ ಕೈಗೆ ಕೂಸು ಸುಮ್ಮನ ಇರತೈತಿ" ಅನ್ನು. ನಾನು ಕಂಡಂತೆ, ಮನೆಯ ಹಿರಿಯಳು ಒಪ್ಪಿ ಕೈಹಾಕಿದ ಕೂಸು ತಪ್ಪದೆ ಸುಧಾರಿಸುತ್ತದೆ. ಸೊಸೆ ಕದ್ದುಮುಚ್ಚಿ ಹಚ್ಚುವ ಕಡೆ ಡಬ್ಬಿ ಕಪಾಟಿನಲ್ಲೇ ಉಳಿಯುತ್ತದೆ.

ಗಲ್ಲದ ಮೇಲೆ ತಿಳಿಬಿಳಿ ಮಚ್ಚೆ ಎದ್ದಿವೆ, ತೊನ್ನೇನೋ ಅಂತ ಭಯಪಟ್ಟಿದ್ದೀ. ಪಕ್ಕದ ಮನೆಯವರು ಜಂತುಹುಳ ಎಂದರಂತೆ, ಇನ್ನೊಬ್ಬರು ಕ್ಯಾಲ್ಸಿಯಂ ಕಡಿಮೆ ಎಂದರಂತೆ. ಫೋಟೊದಲ್ಲಿ ಕಂಡದ್ದು ಅಂಚು ಮಸುಕಾದ, ಮೇಲೆ ಸಣ್ಣ ಹೊಟ್ಟಿರುವ ಮಚ್ಚೆ. ಒಣ ಚರ್ಮದ ಮಕ್ಕಳಲ್ಲಿ ಇಂಥದ್ದು ಬಹಳ ಸಾಮಾನ್ಯ, ತೊನ್ನಿನ ಮಚ್ಚೆ ಸುಣ್ಣದಂತೆ ಬೆಳ್ಳಗೆ, ಅಂಚು ಗೆರೆ ಎಳೆದಂತೆ ಇರುತ್ತದೆ. ಹುಳಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ರೀಮು ಹಚ್ಚುತ್ತಾ ಇದ್ದರೆ ತಿಂಗಳುಗಳು ಹಿಡಿದರೂ ಬಣ್ಣ ಕೂಡುತ್ತದೆ. ಮುಂದಿನ ಸಲ ಹೋದಾಗ ಡಾಕ್ಟರಿಗೂ ಒಮ್ಮೆ ತೋರಿಸಿ ಮನಸ್ಸು ಹಗುರ ಮಾಡಿಕೋ. ಹಾಗೆಯೇ, ಇಂಟರ್ನೆಟ್ಟಿನ ಚಿತ್ರಗಳಲ್ಲಿ ಎಕ್ಜಿಮಾ ಕೆಂಪಗೆ ಕಾಣುತ್ತದೆ, ಅವು ಬಿಳಿ ಚರ್ಮದವು. ನಮ್ಮ ಮಕ್ಕಳ ಮೈಯಲ್ಲಿ ಅದು ಬೂದಿ ಬಣ್ಣಕ್ಕೆ, ಕಪ್ಪಿಗೆ, ಸಣ್ಣ ಗುಳ್ಳೆಗೆ ತಿರುಗುತ್ತದೆ. ಕಣ್ಣಿಗಿಂತ ಕೈಯನ್ನು ನಂಬು: ಸವರಿದಾಗ ಒರಟು ಹತ್ತಿದರೆ ಅಲ್ಲಿ ಬಾಧೆ ಇದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಒಂದು ವಿಷಯಕ್ಕೆ. ಚೀಟಿ ಇಲ್ಲದೆ ಹೋಗಿ "ತುರಿಕಿಗೆ ಒಂದು ಟ್ಯೂಬ್ ಕೊಡ್ರಿ" ಅಂದರೆ, ಕೆಲವು ಅಂಗಡಿಯವರು ಜೋರು ಸ್ಟೀರಾಯ್ಡ್, ಬೂಷ್ಟಿನ ಔಷಧ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಟ್ಯೂಬು ಕೊಟ್ಟುಬಿಡುತ್ತಾರೆ. ಎರಡೇ ದಿನಕ್ಕೆ ಚರ್ಮ ಕನ್ನಡಿಯಂತಾಗುತ್ತದೆ, ಮನೆಯವರಿಗೆಲ್ಲ ಸಂತೋಷ. ಬಿಟ್ಟಕೂಡಲೇ ಇಮ್ಮಡಿಯಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಎಳೆ ಚರ್ಮ ತೆಳುವಾಗಿ ನರ ಕಾಣತೊಡಗುತ್ತವೆ. 2018ರಲ್ಲಿ ಕೇಂದ್ರ ಸರಕಾರ ಮೈಗೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು, ಆದರೂ ಮಾರಾಟ ನಿಂತಿಲ್ಲ. ಹಾಗೆಂದು ಸ್ಟೀರಾಯ್ಡ್ ಎಂದರೆ ವಿಷ ಎಂದುಕೊಳ್ಳಬೇಡ. ಬಾಧೆ ಏರಿದ ದಿನಗಳಿಗೆ ಡಾಕ್ಟರು ಹೈಡ್ರೋಕಾರ್ಟಿಸೋನ್‌ನಂಥ ಮೆದು ಮುಲಾಮನ್ನು ಇಷ್ಟು ದಿನ, ಇಷ್ಟು ಜಾಗಕ್ಕೆ ಅಂತ ಬರೆದುಕೊಟ್ಟರೆ ಹೆದರದೆ ಹಚ್ಚು. ಅದಕ್ಕೂ ಮಾಯಿಶ್ಚರೈಸರಿಗೂ ನಡುವೆ ಅರ್ಧ ತಾಸು ಬಿಡು, ಒಂದರಲ್ಲಿ ಒಂದು ಕಲಸಬೇಡ.

ಮುಂದೆ ಎರಡನೆಯ ಕೂಸಿಗೆ ಹುಟ್ಟಿದ ದಿನದಿಂದಲೇ ಕ್ರೀಮು ಹಚ್ಚಿದರೆ ಎಕ್ಜಿಮಾ ಬರುವುದಿಲ್ಲವೇ ಅಂತ ಕೇಳಿದ್ದೀ. ಹಾಗೇ ಆಗಬಹುದು ಅಂತ ಎಲ್ಲರೂ ಆಸೆಪಟ್ಟಿದ್ದರು. ಬ್ರಿಟನ್ನಿನಲ್ಲಿ, ಮನೆತನದಲ್ಲಿ ಅಲರ್ಜಿ ಇದ್ದ 1394 ಕೂಸುಗಳಲ್ಲಿ ಅರ್ಧಕ್ಕೆ ಒಂದು ವರ್ಷ ದಿನಾ ಹಚ್ಚಿ ನೋಡಿದರು. ಎರಡು ವರ್ಷ ತುಂಬುವಾಗ ಎಕ್ಜಿಮಾ ಬಂದದ್ದು ಹಚ್ಚಿದವರಲ್ಲಿ ನೂರಕ್ಕೆ 23, ಹಚ್ಚದವರಲ್ಲಿ 25. ತಡೆದಂತಾಗಲಿಲ್ಲ, ಚರ್ಮದ ಸೋಂಕು ಹಚ್ಚಿದವರಲ್ಲೇ ಸ್ವಲ್ಪ ಹೆಚ್ಚು. 2020ರ ವರದಿ ಇದು. ಬಂದ ಮೇಲೆ ಕ್ರೀಮು ಕೆಲಸ ಮಾಡುತ್ತದೆ, ಬರುವುದನ್ನು ತಡೆಯುವುದಿಲ್ಲ. ಚರ್ಮ ಒಣಗಿದ್ದು ಕಂಡಾಗ ಶುರು ಮಾಡು.

ಇದೆಲ್ಲ ಎಕ್ಜಿಮಾ ಎಂದುಕೊಂಡು ಬರೆದದ್ದು. ನಿನಗೋ ನಿನ್ನ ಗಂಡನಿಗೋ ರಾತ್ರಿ ಮೈ ಕೆರೆಯತೊಡಗಿದರೆ, ಬೆರಳ ಸಂದಿನಲ್ಲಿ ಗುಳ್ಳೆ ಎದ್ದರೆ, ಕೂಸಿನ ಅಂಗೈ ಅಂಗಾಲಿನಲ್ಲೂ ಕಂಡರೆ ಅದು ಕಜ್ಜಿ ಇರಬಹುದು. ಅದಕ್ಕೆ ಮಾಯಿಶ್ಚರೈಸರ್ ಎಷ್ಟು ಸುರಿದರೂ ಹೋಗುವುದಿಲ್ಲ, ಮನೆಮಂದಿಗೆಲ್ಲ ಒಂದೇ ದಿನ ಔಷಧ ಆಗಬೇಕು. ಚರ್ಮದಿಂದ ರಸ ಸೋರಿ ಹಳದಿ ಹೆಕ್ಕಳೆ ಕಟ್ಟಿದರೆ, ಜ್ವರ ಬಂದರೆ, ಮುಟ್ಟಿದರೆ ನೋವೆಂದು ಅತ್ತರೆ ಅದು ಸೋಂಕು. ಒಂದೇ ಅಳತೆಯ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು ಒಡೆದು ಗುಂಡಗೆ ಹುಣ್ಣಾದರೆ ನಾಳೆಗೆ ಇಡಬೇಡ. ಹರ್ಪಿಸ್ ವೈರಾಣು ಎಕ್ಜಿಮಾದ ಚರ್ಮದಲ್ಲಿ ಹಾಗೆ ಹಬ್ಬುತ್ತದೆ, ಅದೇ ದಿನ ಬಸ್ಸು ಹತ್ತು. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದವರು ಯಾರೇ ಆದರೂ ಕೂಸಿಗೆ ಮುತ್ತು ಕೊಡುವುದು ಬೇಡ. ಇಲ್ಲಿ ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯೂ ಇದೆ, ಮೆಡಿಕಲ್ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯೂ ಇದೆ. ಬರುವಾಗ ಇದುವರೆಗೆ ಹಚ್ಚಿದ ಟ್ಯೂಬು, ಡಬ್ಬಿ, ಎಣ್ಣೆ ಶೀಸೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬಾ, ಖಾಲಿಯಾದದ್ದನ್ನೂ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ನಿನ್ನ
ಅಕ್ಕ